ಆಕಳಿಸಿದಾಗ ಎದ್ದ ಕೈ: ಮೆದುಳು ನಮ್ಮ ಮೈಯನ್ನು ನಡೆಸುವುದು ಹೇಗೆ?

ದೊಡ್ಡಪ್ಪನಿಗೆ ಲಕ್ವ ಹೊಡೆದು ಒಂಬತ್ತು ದಿನ ಆಗಿತ್ತು. ಬಲಗೈ, ಬಲಗಾಲು ಎರಡೂ ಬಿದ್ದುಹೋಗಿದ್ದವು. "ಬೆರಳು ಸ್ವಲ್ಪ ಅಲ್ಲಾಡಿಸಿ ದೊಡ್ಡಪ್ಪ" ಅಂದರೆ ಹಣೆಯಲ್ಲಿ ಬೆವರು ಬರುವಷ್ಟು ಕಷ್ಟಪಡುತ್ತಿದ್ದರು, ಬೆರಳು ಮಾತ್ರ ಹಾಸಿಗೆ ಮೇಲೆ ಇದ್ದ ಹಾಗೇ ಇರುತ್ತಿತ್ತು. ಆ ಮಧ್ಯಾಹ್ನ ಅವರು ಬಾಯಿ ಅಗಲಿಸಿ ಜೋರಾಗಿ ಆಕಳಿಸಿದರು. ಆಗ ಅದೇ ಬಲಗೈ ತಾನಾಗಿ ಮೇಲೆದ್ದಿತು. ಮೊಣಕೈ ಮಡಚಿಕೊಂಡು ಎದೆಯವರೆಗೆ ಬಂತು, ಆಕಳಿಕೆ ಮುಗಿಯುವ ತನಕ ಅಲ್ಲೇ ನಿಂತಿತು, ಆಮೇಲೆ ಮೆಲ್ಲಗೆ ಕೆಳಗಿಳಿಯಿತು.

"ಬಂತು, ಕೈ ಬಂತು" ಅಂತ ದೊಡ್ಡಮ್ಮ ಕೂಗಿಕೊಂಡರು. ನಾವೆಲ್ಲ ಓಡಿ ಬಂದೆವು. "ಇನ್ನೊಂದ್ಸಲ ಎತ್ತಿ ನೋಡೋಣ" ಅಂದೆವು. ಏಳಲಿಲ್ಲ. ಎಷ್ಟು ಪ್ರಯತ್ನಪಟ್ಟರೂ ಏಳಲಿಲ್ಲ.

ಸಂಜೆ ಬಂದ ಡಾಕ್ಟರಿಗೆ ಇದನ್ನು ಹೇಳಿದಾಗ ಅವರಿಗೇನೂ ಆಶ್ಚರ್ಯ ಆಗಲಿಲ್ಲ. "ಕೈಗೆ ಏನೂ ಆಗಿಲ್ಲಮ್ಮ. ಅವರಾಗಿ ಕೈ ಎತ್ತುವ ದಾರಿ ಬೇರೆ, ಆಕಳಿಕೆ ಕೈ ಎತ್ತುವ ದಾರಿ ಬೇರೆ. ಮೊದಲನೆಯದು ಕೆಟ್ಟಿದೆ, ಎರಡನೆಯದು ಚೆನ್ನಾಗೇ ಇದೆ" ಅಂದರು.

ಒಂದೇ ಕೈಗೆ ಎರಡು ದಾರಿಯಾ? ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮೆದುಳು ಅಂದರೆ ಮೇಲೆ ಕೂತು ಅಪ್ಪಣೆ ಕೊಡುವ ಒಬ್ಬ ಯಜಮಾನ ಅಂತಲೇ ನಾನು ಅಂದುಕೊಂಡಿದ್ದೆ. ಆಮೇಲಿನ ತಿಂಗಳುಗಳಲ್ಲಿ ಓದುತ್ತಾ, ಕೇಳುತ್ತಾ ಹೋದಾಗ ಗೊತ್ತಾಯಿತು, ಅಲ್ಲಿ ಒಬ್ಬ ಯಜಮಾನ ಇಲ್ಲ. ಹಲವು ಮಟ್ಟದಲ್ಲಿ ಹಲವರು ಕೆಲಸ ಮಾಡುತ್ತಿರುತ್ತಾರೆ, ಹೆಚ್ಚಿನವರು ನಮಗೆ ತಿಳಿಸದೇನೇ. ಮನೆಯಲ್ಲಿ ಯಾರಿಗಾದರೂ ಹೀಗಾಗಿ ಏನೂ ಅರ್ಥವಾಗದೆ ಕೂತವರಿಗೆ ಉಪಯೋಗ ಆಗಲಿ ಅಂತ, ಬುಡದಿಂದ ಬರೆಯುತ್ತಿದ್ದೇನೆ.

## ಮೊದಲು, ನರ ಅಂದರೆ ಯಾವುದು?

ನಮ್ಮ ಮಾತಿನಲ್ಲಿ ನರ ಅನ್ನುವ ಪದವನ್ನು ಎಲ್ಲದಕ್ಕೂ ಬಳಸುತ್ತೇವೆ. ಕೈಯ ಹಿಂಬದಿಯಲ್ಲಿ ಉಬ್ಬಿ ಕಾಣುವ ನೀಲಿ ಗೆರೆಗಳನ್ನು ನರ ಅನ್ನುತ್ತೇವೆ, ಅವು ರಕ್ತನಾಳ. ರಾತ್ರಿ ಮೀನಖಂಡ ಗಟ್ಟಿಯಾಗಿ ಹಿಡಿದುಕೊಂಡರೆ "ನರ ಹಿಡ್ಕೊಂಡಿದೆ" ಅನ್ನುತ್ತೇವೆ, ಅಲ್ಲಿ ಹಿಡಿದುಕೊಂಡಿರುವುದು ಸ್ನಾಯು. ನಿಜವಾದ ನರ ಹಾಗೆ ಹೊರಗೆ ಎದ್ದು ಕಾಣುವುದಿಲ್ಲ. ಅದು ಬಿಳಿಚಿಕೊಂಡ ಹುರಿಯ ಹಾಗಿರುತ್ತದೆ, ಒಳಗೆ ಸಾವಿರಾರು ಸಣ್ಣ ಎಳೆಗಳಿರುತ್ತವೆ. ಮೊಣಕೈಯ ಒಳಬದಿ ಗೋಡೆಗೆ ತಾಗಿದಾಗ ಕಿರುಬೆರಳಿನವರೆಗೂ ಕರೆಂಟ್ ಹೊಡೆದ ಹಾಗಾಗುತ್ತದಲ್ಲ, ಆಗ ಪೆಟ್ಟು ಬಿದ್ದಿರುವುದು ನಿಜವಾದ ನರಕ್ಕೆ. ಅಲ್ಲಿ ಅದು ಮೂಳೆಯ ಪಕ್ಕದಲ್ಲಿ, ಚರ್ಮಕ್ಕೆ ತೀರಾ ಹತ್ತಿರ ಹಾದುಹೋಗುತ್ತದೆ. ಪೆಟ್ಟು ಮೊಣಕೈಗೆ ಬಿದ್ದರೂ ಜುಮ್ಮೆನ್ನುವುದು ಬೆರಳು, ಯಾಕೆಂದರೆ ಆ ಎಳೆಗಳು ಬರುವುದು ಬೆರಳಿನಿಂದ. ಮೆದುಳಿಗೆ ಆ ಎಳೆಯ ಸುದ್ದಿ ಬಂದರೆ ಅದು ಬೆರಳಿನದ್ದು ಅಂತಲೇ ಲೆಕ್ಕ.

ಈ ಒಂದೊಂದು ಎಳೆಯೂ ಒಂದೊಂದು ಜೀವಕೋಶದ ಬಾಲ. ಆ ಕೋಶಕ್ಕೆ ನ್ಯೂರಾನ್ ಅಥವಾ ನರಕೋಶ ಅನ್ನುತ್ತಾರೆ. ಅದಕ್ಕೊಂದು ಪುಟ್ಟ ಒಡಲು, ಸುತ್ತ ಮರದ ಕೊಂಬೆಗಳಂತೆ ಹರಡಿದ ಟಿಸಿಲುಗಳು, ಒಂದು ಉದ್ದ ಬಾಲ. ಟಿಸಿಲುಗಳ ಕಡೆಯಿಂದ ಸುದ್ದಿ ಒಳಗೆ ಬರುತ್ತದೆ, ಬಾಲದ ಕಡೆಯಿಂದ ಹೊರಗೆ ಹೋಗುತ್ತದೆ. ಸೊಂಟದ ಹತ್ತಿರ ಬೆನ್ನುಹುರಿಯಲ್ಲಿ ಒಡಲು ಇಟ್ಟುಕೊಂಡು ಪಾದದವರೆಗೆ ಬಾಲ ಚಾಚಿದ ಕೋಶಗಳಿವೆ. ಕಣ್ಣಿಗೆ ಕಾಣದಷ್ಟು ತೆಳ್ಳಗಿದ್ದು ಸುಮಾರು ಒಂದು ಮೀಟರ್ ಉದ್ದ ಇರುವ ಒಂದೇ ಒಂದು ಜೀವಕೋಶ! ಇದನ್ನು ಓದಿದ ದಿನ ನಾನು ನನ್ನ ಕಾಲನ್ನೇ ನೋಡುತ್ತಾ ಕೂತಿದ್ದೆ.

ದೊಡ್ಡವರ ಮೆದುಳಿನಲ್ಲಿ ಇಂಥ ಕೋಶಗಳು ಸುಮಾರು 8,600 ಕೋಟಿ ಇವೆ. ಮೆದುಳಿನ ತೂಕ ಒಂದು ಕಿಲೋ ಮುನ್ನೂರು, ನಾನೂರು ಗ್ರಾಂ, ಅಂದರೆ ಮೈತೂಕದ ನೂರಕ್ಕೆ 2 ಪಾಲು. ಆದರೆ ಸುಮ್ನೆ ಕೂತಾಗಲೂ ಮೈ ಬಳಸುವ ಶಕ್ತಿಯಲ್ಲಿ ನೂರಕ್ಕೆ 20 ಪಾಲು ಅದಕ್ಕೇ ಬೇಕು. ಕೂಡಿಟ್ಟುಕೊಳ್ಳಲು ಅದಕ್ಕೆ ಉಗ್ರಾಣ ಇಲ್ಲ, ರಕ್ತ ಬರುತ್ತಲೇ ಇರಬೇಕು. ರಕ್ತ ನಿಂತ ಕೆಲವೇ ನಿಮಿಷಕ್ಕೆ ಅಲ್ಲಿನ ಕೋಶಗಳು ಸಾಯಲು ಶುರುವಾಗುವುದು ಇದಕ್ಕೇ.

ಮೆದುಳಿನ ಕೆಳಗೆ ಬಾಲದ ಹಾಗೆ ಇಳಿದಿರುವುದು ಬೆನ್ನುಹುರಿ. ದಪ್ಪ ನಮ್ಮ ಕಿರುಬೆರಳಿನಷ್ಟು. ಮೆದುಳಿನಿಂದ ನೇರವಾಗಿ 12 ಜೊತೆ ನರಗಳು, ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಟು ಇಡೀ ಮೈಯನ್ನು ಹಂಚಿಕೊಂಡಿವೆ.

## ಸುದ್ದಿ ಓಡುವುದು ಹೇಗೆ?

ನರದಲ್ಲಿ ಕರೆಂಟ್ ಹರಿಯುತ್ತದೆ ಅನ್ನುವುದು ಅರ್ಧ ನಿಜ. ತಂತಿಯಲ್ಲಿ ಹರಿಯುವ ಹಾಗೆ ಅಲ್ಲಿ ಹರಿಯುವುದಿಲ್ಲ.

ನರಕೋಶದ ಗೋಡೆಯಲ್ಲಿ ಪಂಪುಗಳಿವೆ. ಅವು ಹಗಲು ರಾತ್ರಿ ಸೋಡಿಯಂ ಕಣಗಳನ್ನು ಹೊರಗೆ ತಳ್ಳುತ್ತಾ, ಪೊಟ್ಯಾಸಿಯಂ ಕಣಗಳನ್ನು ಒಳಗೆ ಎಳೆದುಕೊಳ್ಳುತ್ತಾ ಇರುತ್ತವೆ. ಇದರಿಂದ ಕೋಶದ ಒಳಗೂ ಹೊರಗೂ ಒಂದು ಸಣ್ಣ ವಿದ್ಯುತ್ ವ್ಯತ್ಯಾಸ ಉಳಿದಿರುತ್ತದೆ, ಸುಮಾರು 70 ಮಿಲಿವೋಲ್ಟ್. ಅಣೆಕಟ್ಟಿನ ಹಿಂದೆ ನೀರು ನಿಂತ ಹಾಗೆ. ಸುದ್ದಿ ಬಂದಾಗ ಗೋಡೆಯ ಪುಟ್ಟ ಬಾಗಿಲುಗಳು ತೆರೆದುಕೊಂಡು ಸೋಡಿಯಂ ಒಳಗೆ ನುಗ್ಗುತ್ತದೆ. ಆ ನುಗ್ಗಾಟ ಪಕ್ಕದ ಬಾಗಿಲನ್ನು ತೆರೆಸುತ್ತದೆ, ಅದು ಅದರ ಪಕ್ಕದ್ದನ್ನು. ಸಾಲಾಗಿ ನಿಲ್ಲಿಸಿದ ಇಟ್ಟಿಗೆಗಳಲ್ಲಿ ಮೊದಲನೆಯದನ್ನು ತಳ್ಳಿದರೆ ಕೊನೆಯದು ಬೀಳುವ ಹಾಗೆ. ಒಂದೇ ವ್ಯತ್ಯಾಸ, ಇಲ್ಲಿ ಬಿದ್ದ ಇಟ್ಟಿಗೆ ಕೆಲವೇ ಮಿಲಿಸೆಕೆಂಡಿನಲ್ಲಿ ತಾನೇ ಎದ್ದು ಮತ್ತೆ ಬೀಳಲು ರೆಡಿಯಾಗುತ್ತದೆ. 1952ರಲ್ಲಿ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಅನ್ನುವ ಇಬ್ಬರು ಇದನ್ನು ಲೆಕ್ಕ ಸಮೇತ ವಿವರಿಸಿದರು. ಅವರು ಬಳಸಿದ್ದು ಸ್ಕ್ವಿಡ್ ಅನ್ನುವ ಸಮುದ್ರಜೀವಿಯ ದಪ್ಪ ನರ ಎಳೆ. ಮನುಷ್ಯರ ಎಳೆ ಅಂಥ ಕೆಲಸಕ್ಕೆ ತೀರಾ ತೆಳು.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಇಟ್ಟಿಗೆ ಬಿದ್ದರೆ ಬಿತ್ತು, ಅರ್ಧ ಬೀಳುವುದಿಲ್ಲ. ಹಾಗಾದರೆ ಮೆಲ್ಲಗೆ ಮುಟ್ಟಿದ್ದಕ್ಕೂ ಜೋರಾಗಿ ಒತ್ತಿದ್ದಕ್ಕೂ ಮೆದುಳಿಗೆ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ? ಎಣಿಕೆಯಿಂದ. ಬಾಗಿಲು ಬಡಿಯುವವರು ಪ್ರತಿ ಸಲ ಒಂದೇ ಸದ್ದಿನಲ್ಲಿ ಬಡಿಯುತ್ತಾರೆ ಅಂದುಕೊಳ್ಳಿ. ತುರ್ತು ಇಲ್ಲದಿದ್ದರೆ ಆಗೊಮ್ಮೆ ಈಗೊಮ್ಮೆ, ತುರ್ತಿದ್ದರೆ ಟಕಟಕಟಕ ಅಂತ. ನರದ ಭಾಷೆ ಹೆಚ್ಚುಕಮ್ಮಿ ಅಷ್ಟೇ.

ಈ ಓಟಕ್ಕೆ ಸಮಯ ಬೇಕು. ಅದನ್ನು ಅಳೆಯಲು ಸಾಧ್ಯವೇ ಇಲ್ಲ ಅಂತ ದೊಡ್ಡ ದೊಡ್ಡವರು ನಂಬಿದ್ದ ಕಾಲದಲ್ಲಿ, 1850ರ ಸುಮಾರಿಗೆ, ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನ ನರದಲ್ಲಿ ಅಳೆದು ತೋರಿಸಿದರು. ಸೆಕೆಂಡಿಗೆ ಸುಮಾರು 27 ಮೀಟರ್. ಮನುಷ್ಯರ ತೀರಾ ವೇಗದ ಎಳೆಗಳಲ್ಲಿ ಇದು 120 ಮೀಟರ್ ತನಕ ಹೋಗುತ್ತದೆ. ಆ ಎಳೆಗಳ ಮೇಲೆ ತಂತಿಗೆ ಪ್ಲಾಸ್ಟಿಕ್ ಸುತ್ತಿದ ಹಾಗೆ ಮಯಲಿನ್ ಅನ್ನುವ ಕೊಬ್ಬಿನ ಹೊದಿಕೆ ಇರುತ್ತದೆ. ನಡುನಡುವೆ ಹೊದಿಕೆ ಇಲ್ಲದ ಸಣ್ಣ ಜಾಗಗಳಿರುತ್ತವೆ, ಸುದ್ದಿ ಅಲ್ಲಿಂದಲ್ಲಿಗೆ ಜಿಗಿಯುತ್ತಾ ಹೋಗುತ್ತದೆ. ಹೊದಿಕೆ ಇಲ್ಲದ ತೆಳು ಎಳೆಗಳಲ್ಲಿ ವೇಗ ಸೆಕೆಂಡಿಗೆ 2 ಮೀಟರಿಗಿಂತ ಕಡಿಮೆ. ಅಂದರೆ ನಾವು ನಡೆಯುವಷ್ಟು.

ಇದನ್ನು ನೀವೇ ಅನುಭವಿಸಿರುತ್ತೀರಿ. ಕಾಲಿನ ಕಿರುಬೆರಳು ಮಂಚದ ಕಾಲಿಗೆ ಬಡಿಯಿತು ಅನ್ನಿ. ಬಡಿಯಿತು ಅಂತ ತಕ್ಷಣ ಗೊತ್ತಾಗುತ್ತದೆ, ಜೊತೆಗೆ ಚುಚ್ಚಿದಂಥ ಒಂದು ನೋವು. ಆಮೇಲೆ ಒಂದು ಕ್ಷಣ ಬಿಡುವು. "ಅಯ್ಯೋ, ಈಗ ಬರುತ್ತೆ" ಅಂದುಕೊಳ್ಳುವಷ್ಟರಲ್ಲಿ ಆ ಉರಿಯುವ, ಹಲ್ಲು ಕಚ್ಚಿಸುವ ನೋವು ಬಂದು ಸೇರುತ್ತದೆ. ಎರಡೂ ಹೊರಟಿದ್ದು ಒಂದೇ ಗಳಿಗೆಯಲ್ಲಿ. ಮೊದಲನೆಯದು ವೇಗದ ಎಳೆಗಳಲ್ಲಿ ಬಂತು, ಎರಡನೆಯದು ನಿಧಾನದ ಎಳೆಗಳಲ್ಲಿ.

## ಸಂದಿನಲ್ಲಿ ನಡೆಯುವ ಕೆಲಸ

ಒಂದು ನರಕೋಶದ ಬಾಲ ಮುಂದಿನ ಕೋಶವನ್ನು ಸಾಮಾನ್ಯವಾಗಿ ಮುಟ್ಟುವುದೇ ಇಲ್ಲ. ನಡುವೆ ಒಂದು ಸಂದು ಇರುತ್ತದೆ. ಒಂದು ಮಿಲಿಮೀಟರನ್ನು 50,000 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಅಗಲ. ಇದಕ್ಕೆ ಸಿನಾಪ್ಸ್ ಅಂತ ಹೆಸರು. ಇದನ್ನು ಸುದ್ದಿ ದಾಟುವುದು ಹೇಗೆ ಅಂತ ತುಂಬ ಕಾಲ ಜಗಳ ಇತ್ತು. ಕಿಡಿ ಹಾರುತ್ತದೆ ಅಂತ ಕೆಲವರು, ಯಾವುದೋ ರಾಸಾಯನಿಕ ದಾಟುತ್ತದೆ ಅಂತ ಕೆಲವರು.

ಆಸ್ಟ್ರಿಯಾದ ಗ್ರಾಜ್ ಊರಿನಲ್ಲಿದ್ದ ಆಟೋ ಲೋವಿಗೆ 1921ರಲ್ಲಿ ಒಂದು ರಾತ್ರಿ ನಿದ್ದೆಯಲ್ಲಿ ಇದಕ್ಕೊಂದು ಪ್ರಯೋಗ ಹೊಳೆಯಿತು. ಎದ್ದು ಚೀಟಿಯಲ್ಲಿ ಗೀಚಿಟ್ಟು ಮಲಗಿದರು. ಬೆಳಿಗ್ಗೆ ನೋಡಿದರೆ ತಮ್ಮ ಬರಹ ತಮಗೇ ಓದಲು ಬರಲಿಲ್ಲ. ಮರುರಾತ್ರಿ ಅದೇ ಯೋಚನೆ ಮತ್ತೆ ಬಂತು. ಈ ಸಲ ಅವರು ಬರೆಯುತ್ತಾ ಕೂರಲಿಲ್ಲ, ಎದ್ದು ನೇರ ಪ್ರಯೋಗಾಲಯಕ್ಕೆ ಹೋದರು. ಎರಡು ಕಪ್ಪೆಗಳ ಹೃದಯಗಳನ್ನು ಉಪ್ಪುನೀರಿನಲ್ಲಿ ಬಡಿಯುತ್ತಿರುವಂತೆ ಇಟ್ಟರು. ಒಂದರ ನರವನ್ನು ಕೆಣಕಿದಾಗ ಅದರ ಬಡಿತ ನಿಧಾನವಾಯಿತು. ಆ ಹೃದಯದಿಂದ ಬಂದ ನೀರನ್ನು ತೆಗೆದು ಎರಡನೆಯದಕ್ಕೆ ಹಾಕಿದರು. ಯಾವ ನರವನ್ನೂ ಮುಟ್ಟದಿದ್ದರೂ ಎರಡನೆಯದೂ ನಿಧಾನವಾಯಿತು. ನರ ಏನನ್ನೋ ನೀರಿಗೆ ಸುರಿದಿತ್ತು ಅನ್ನುವುದು ಖಾತ್ರಿಯಾಯಿತು. ಅದು ಅಸಿಟೈಲ್‌ಕೋಲಿನ್ ಅನ್ನುವ ರಾಸಾಯನಿಕ ಅಂತ ಆಮೇಲೆ ತಿಳಿಯಿತು. 1936ರಲ್ಲಿ ಹೆನ್ರಿ ಡೇಲ್ ಜೊತೆ ಲೋವಿಗೆ ನೊಬೆಲ್ ಬಂತು.

ಇಂಥ ರಾಸಾಯನಿಕಗಳು ಹತ್ತಾರಿವೆ. ಕೆಲವು ಮುಂದಿನ ಕೋಶಕ್ಕೆ "ಹೊರಡು" ಅನ್ನುತ್ತವೆ, ಕೆಲವು "ನಿಲ್ಲು" ಅನ್ನುತ್ತವೆ. ಒಂದು ಕೋಶಕ್ಕೆ ಸಾವಿರಾರು ಕಡೆಯಿಂದ ಹೊರಡು, ನಿಲ್ಲುಗಳು ಬರುತ್ತಿರುತ್ತವೆ. ಎಲ್ಲವನ್ನೂ ಕೂಡಿ ಕಳೆದು, ಹೊರಡು ಅನ್ನುವುದು ಸಾಕಷ್ಟು ಜಾಸ್ತಿಯಾದರೆ ಮಾತ್ರ ಅದು ಸುದ್ದಿ ಕಳಿಸುತ್ತದೆ. ನಿದ್ದೆ ಮಾತ್ರೆ, ಮದ್ಯ, ಖಿನ್ನತೆಯ ಔಷಧಿ, ಆಪರೇಷನ್ನಿಗೆ ಮುಂಚೆ ಕೊಡುವ ಅರಿವಳಿಕೆ, ಇವೆಲ್ಲ ಹೆಚ್ಚಾಗಿ ಕೆಲಸ ಮಾಡುವುದು ಈ ಸಂದಿನಲ್ಲೇ.

ಆ "ನಿಲ್ಲು" ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಮೆದುಳಿನ ಕೆಲಸದಲ್ಲಿ ದೊಡ್ಡ ಪಾಲು ತಡೆಯುವ ಕೆಲಸ ಅನ್ನುವುದು ನನಗೆ ಗೊತ್ತೇ ಇರಲಿಲ್ಲ.

## ಮೆದುಳನ್ನು ಕೇಳದೆ ಆಗುವ ಕೆಲಸಗಳು

ಬಿಸಿ ಪಾತ್ರೆ ಮುಟ್ಟಿದರೆ ಕೈ ಹಿಂದಕ್ಕೆ ಬಂದಿರುತ್ತದೆ. ಸುಟ್ಟಿತು ಅಂತ ಅನ್ನಿಸುವುದು ಆಮೇಲೆ. ಸುಟ್ಟ ಸುದ್ದಿ ಬೆನ್ನುಹುರಿ ತಲುಪಿದ ಕೂಡಲೇ ಅಲ್ಲೇ ತೀರ್ಮಾನ ಆಗಿ, ತೋಳಿನ ಸ್ನಾಯುವಿಗೆ "ಎಳೆ" ಅಂತ ಹೋಗಿರುತ್ತದೆ. ಮೆದುಳಿಗೆ ಬರುವುದು ವರದಿ ಅಷ್ಟೇ. ಇದನ್ನೇ ರಿಫ್ಲೆಕ್ಸ್ ಅನ್ನುವುದು.

ಡಾಕ್ಟರು ಮಂಡಿಯ ಕೆಳಗೆ ರಬ್ಬರ್ ಸುತ್ತಿಗೆಯಿಂದ ತಟ್ಟುತ್ತಾರಲ್ಲ, ಅದು ಈ ದಾರಿಯ ಪರೀಕ್ಷೆ. ತಟ್ಟಿದಾಗ ತೊಡೆಯ ಸ್ನಾಯು ಚೂರು ಎಳೆದಂತಾಗುತ್ತದೆ, ಆ ಸುದ್ದಿ ಬೆನ್ನುಹುರಿಗೆ ಹೋಗಿ ಒಂದೇ ಒಂದು ಸಂದು ದಾಟಿ ವಾಪಸ್ ಬರುತ್ತದೆ, ಕಾಲು ಜಾಡಿಸುತ್ತದೆ. ಕೆಲವು ವಾರ ಕಳೆದ ಮೇಲೆ ದೊಡ್ಡಪ್ಪನ ಬಲ ಮಂಡಿಗೆ ತಟ್ಟಿದಾಗ ನಮಗೆ ಗಾಬರಿಯಾಯಿತು. ಎಡಗಾಲಿಗಿಂತ ಜೋರಾಗಿ ಬಲಗಾಲೇ ಜಾಡಿಸಿತು! ಅವರಾಗಿ ಬೇಕೆಂದರೆ ಅಲ್ಲಾಡದ ಕಾಲು ಇದು. ಆದರೆ ಅದು ವಾಸಿಯಾಗುವ ಲಕ್ಷಣ ಆಗಿರಲಿಲ್ಲ. ಬೆನ್ನುಹುರಿಯ ಈ ರಿಫ್ಲೆಕ್ಸುಗಳನ್ನು ಮೆದುಳು ಸದಾ ಸ್ವಲ್ಪ ತಡೆದಿಟ್ಟಿರುತ್ತದೆ. ಮೇಲಿಂದ ಬರುವ ದಾರಿ ಕೆಟ್ಟಾಗ ಆ ಬ್ರೇಕೂ ಹೋಗುತ್ತದೆ. ಲಕ್ವ ಹೊಡೆದ ಕೈ ದಿನ ಕಳೆದಂತೆ ಬಿಗಿಯಾಗಿ ಮಡಚಿಕೊಳ್ಳುವುದಕ್ಕೂ ಇದೇ ದೊಡ್ಡ ಕಾರಣ.

ಇನ್ನೊಂದು ಪರೀಕ್ಷೆ ನೋಡಿದೆ. ಡಾಕ್ಟರು ಕೀಲಿಕೈ ತುದಿಯಿಂದ ಅಂಗಾಲಿನ ಹೊರಅಂಚಿನಲ್ಲಿ ಹಿಮ್ಮಡಿಯಿಂದ ಮೇಲಕ್ಕೆ ಗೆರೆ ಎಳೆದರು. ಎಡಗಾಲಿನ ಬೆರಳುಗಳು ಕೆಳಕ್ಕೆ ಮುದುಡಿದವು. ಬಲಗಾಲಿನ ಹೆಬ್ಬೆರಳು ಮೆಲ್ಲಗೆ ಮೇಲಕ್ಕೆದ್ದಿತು. ಎಳೆ ಕೂಸುಗಳಲ್ಲಿ ಹೀಗೇ ಆಗುತ್ತದೆ, ಅವರಲ್ಲಿ ಮೆದುಳಿನಿಂದ ಇಳಿಯುವ ದಾರಿ ಇನ್ನೂ ಬಲಿತಿರುವುದಿಲ್ಲ. ಬಲಿತ ಮೇಲೆ ಆ ಹಳೆಯ ಚಲನೆ ಅಡಗಿಬಿಡುತ್ತದೆ, ಅಳಿಸಿಹೋಗುವುದಿಲ್ಲ. ಎಪ್ಪತ್ತರ ಹತ್ತಿರದ ಮನುಷ್ಯನ ಕಾಲಿನಲ್ಲಿ ಕೂಸಿನ ಚಲನೆ ಮತ್ತೆ ಎದ್ದು ಬಂದಿದ್ದನ್ನು ಕಣ್ಣಾರೆ ನೋಡಿದೆ. 1896ರಲ್ಲಿ ಇದನ್ನು ವಿವರಿಸಿದವರು ಫ್ರಾನ್ಸಿನ ಬಬಿನ್ಸ್ಕಿ. ಒಂದು ಕೀಲಿಕೈಯಿಂದ ಮೆದುಳಿನ ದಾರಿ ಕೆಟ್ಟಿದೆಯಾ ಅಂತ ಇವತ್ತಿಗೂ ನೋಡುತ್ತಾರೆ.

## ಉಸಿರು, ಎದೆಬಡಿತ, ಬೆವರು

ಬೆನ್ನುಹುರಿ ಮೆದುಳನ್ನು ಸೇರುವ ಕಡೆ, ಕತ್ತಿನ ಮೇಲೆ, ಮೆದುಳ ಕಾಂಡ ಅನ್ನುವ ಭಾಗ ಇದೆ. ಹೆಬ್ಬೆರಳಿನಷ್ಟು ದೊಡ್ಡದು. ಉಸಿರು, ಎದೆಬಡಿತ, ನುಂಗುವುದು, ಕೆಮ್ಮುವುದು, ಎಚ್ಚರವಾಗಿರುವುದು ಎಲ್ಲದರ ಹಿಡಿತ ಅಲ್ಲಿದೆ. ಮೇಲಿನ ಮೆದುಳಿಗೆ ಎಷ್ಟೋ ಪೆಟ್ಟಾದರೂ ಬದುಕುಳಿಯುವವರಿದ್ದಾರೆ, ಇಲ್ಲಿ ಸಣ್ಣ ಪೆಟ್ಟಾದರೂ ಪ್ರಾಣಕ್ಕೆ ಬರಬಹುದು.

ಈಗ ಉಸಿರು ಬಿಗಿಹಿಡಿದು ನೋಡಿ. ಮೊದಲು ಸಲೀಸು, ಯಾಕೆಂದರೆ ಉಸಿರಿನ ಸ್ನಾಯುಗಳಿಗೆ ನೀವೂ ಹೇಳಬಹುದು. ಸ್ವಲ್ಪ ಹೊತ್ತಿಗೆ ಎದೆಯಲ್ಲಿ ಚಡಪಡಿಕೆ ಶುರುವಾಗುತ್ತದೆ. ಅದು ಆಮ್ಲಜನಕ ಮುಗಿದದ್ದಕ್ಕಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ್ದಕ್ಕೆ. ಕಾಂಡ ಅದನ್ನೇ ಕಾಯುತ್ತಿರುತ್ತದೆ. ಒಂದು ಹಂತದಲ್ಲಿ ನಿಮ್ಮ ಮಾತು ನಡೆಯುವುದಿಲ್ಲ, ಉಸಿರು ಬಂದೇ ಬರುತ್ತದೆ. ಒಂದೇ ಎದೆಗೂಡಿಗೆ ಇಬ್ಬರು ಯಜಮಾನರು, ಅಲ್ವಾ? ದೊಡ್ಡಪ್ಪನ ಕೈಯ ಕಥೆಗೆ ಇದೇ ಬೀಗದ ಕೈ.

ಹೃದಯ, ಕರುಳು, ಬೆವರು, ಕಣ್ಣಿನ ಪಾಪೆಗಳಿಗೆ ಮಾತ್ರ ನಾವು ನೇರವಾಗಿ ಏನೂ ಹೇಳುವಂತಿಲ್ಲ. ಅವುಗಳಿಗೆ ಎರಡು ಗುಂಪು ನರಗಳಿವೆ. ಒಂದು ಓಡಿಸುವ ಗುಂಪು. ಕತ್ತಲಲ್ಲಿ ಏನೋ ಸರಕ್ಕಂದರೆ ಎದೆ ಡವಡವ, ಅಂಗೈ ಬೆವರು, ಬಾಯಿ ಒಣಗುವುದು ಎಲ್ಲ ಅದರ ಕೆಲಸ, ಜೊತೆಗೆ ಕಿಡ್ನಿ ಮೇಲಿರುವ ಗ್ರಂಥಿಯಿಂದ ಅಡ್ರಿನಲಿನ್ ಬಿಡಿಸುತ್ತದೆ. ಇನ್ನೊಂದು ತಣಿಸುವ ಗುಂಪು, ಎದೆಬಡಿತ ಇಳಿಸಿ ಹೊಟ್ಟೆಯ ಕೆಲಸ ಶುರುಮಾಡಿಸುತ್ತದೆ. ಲೋವಿ ಕಪ್ಪೆಯಲ್ಲಿ ಕೆಣಕಿದ್ದು ಈ ತಣಿಸುವ ನರವನ್ನೇ. ಇವೆರಡರ ಮೇಲೆ ಕಣ್ಣಿಟ್ಟಿರುವುದು ಮೆದುಳಿನ ಬುಡದಲ್ಲಿರುವ ಹೈಪೋಥಲಾಮಸ್. ಬಾಯಾರಿಕೆ, ಹಸಿವು, ಮೈಬಿಸಿ, ನಿದ್ದೆಯ ಗಡಿಯಾರ ಎಲ್ಲ ಆ ಬಾದಾಮಿಯಷ್ಟು ಜಾಗದಲ್ಲಿ.

## ನಾವಾಗಿ ಕೈ ಎತ್ತುವ ದಾರಿ

ನಡುನೆತ್ತಿಯಿಂದ ಕಿವಿಯ ಕಡೆಗೆ ಒಂದು ಪಟ್ಟಿ ಎಳೆದರೆ, ಅದರ ಅಡಿಯಲ್ಲಿ ಮೆದುಳಿನ ಮೇಲ್ಪದರದಲ್ಲಿ ಚಲನೆಯ ಜಾಗ ಇದೆ. ಎಡಗಡೆಯದು ಬಲಮೈಗೆ, ಬಲಗಡೆಯದು ಎಡಮೈಗೆ. 1930ರ ದಶಕದಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಅನ್ನುವ ಶಸ್ತ್ರವೈದ್ಯರು ಎಚ್ಚರ ಇರುವ ರೋಗಿಗಳ ಮೆದುಳನ್ನು ಸಣ್ಣ ಕರೆಂಟಿನಿಂದ ಮುಟ್ಟಿ ಇಲ್ಲಿನ ನಕ್ಷೆ ಮಾಡಿದರು. ಮೆದುಳಿಗೆ ಸ್ವತಃ ನೋವಿನ ಎಳೆಗಳಿಲ್ಲ, ಹಾಗಾಗಿ ಇದು ಸಾಧ್ಯವಾಯಿತು. ಒಂದು ಕಡೆ ಮುಟ್ಟಿದರೆ ಹೆಬ್ಬೆರಳು ಅಲ್ಲಾಡುತ್ತದೆ, ಪಕ್ಕದಲ್ಲಿ ಮುಟ್ಟಿದರೆ ತುಟಿ. ನಕ್ಷೆಯಲ್ಲಿ ಕೈಗೂ ಬಾಯಿಗೂ ಸಿಕ್ಕಿರುವ ಜಾಗ ಇಡೀ ಬೆನ್ನಿಗೆ ಸಿಕ್ಕಿದ್ದಕ್ಕಿಂತ ಎಷ್ಟೋ ಜಾಸ್ತಿ. ಅಂಗ ದೊಡ್ಡದೋ ಚಿಕ್ಕದೋ ಲೆಕ್ಕಕ್ಕಿಲ್ಲ, ಅದರಿಂದ ಎಷ್ಟು ನಾಜೂಕಿನ ಕೆಲಸ ಆಗಬೇಕು ಅನ್ನುವುದೇ ಲೆಕ್ಕ.

ಇಲ್ಲಿಂದ ಹೊರಟ ಎಳೆಗಳೆಲ್ಲ ಬೀಸಣಿಗೆಯ ಕಡ್ಡಿಗಳಂತೆ ಒಂದುಗೂಡಿ ಮೆದುಳಿನ ಆಳದಲ್ಲಿ ಒಂದು ಇಕ್ಕಟ್ಟಾದ ಜಾಗದಲ್ಲಿ ನುಸುಳುತ್ತವೆ. ಆಮೇಲೆ ಕಾಂಡದ ಕೆಳತುದಿಯಲ್ಲಿ ಬಹುಪಾಲು ಎಳೆಗಳು ಆ ಕಡೆಯಿಂದ ಈ ಕಡೆಗೆ ದಾಟಿ ಬೆನ್ನುಹುರಿಗೆ ಇಳಿಯುತ್ತವೆ. ಎಡ ಮೆದುಳಿಗೆ ಏನಾದರೂ ಆದರೆ ಬಲಗೈ ಬೀಳುವುದು ಈ ದಾಟುವಿಕೆಯಿಂದ.

ದೊಡ್ಡಪ್ಪನ ಸ್ಕ್ಯಾನಿನಲ್ಲಿ ಡಾಕ್ಟರು ತೋರಿಸಿದ ಕಲೆ ನನ್ನ ಕಿರುಬೆರಳಿನ ಉಗುರಿನಷ್ಟೂ ಇರಲಿಲ್ಲ. "ಇಷ್ಟಕ್ಕೆ ಅರ್ಧ ಮೈ ಹೋಯ್ತಾ?" ಅಂತ ಕೇಳಿದೆ. ಆದರೆ ಅದು ಬಿದ್ದಿದ್ದ ಜಾಗ ಆ ಇಕ್ಕಟ್ಟಿನಲ್ಲೇ. ಮುಖ, ಕೈ, ಕಾಲು ಮೂರರ ಎಳೆಗಳೂ ಒತ್ತೊತ್ತಾಗಿ ಹಾದುಹೋಗುವ ಕಡೆ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿತ್ತು.

ಈಗ ಆಕಳಿಕೆಗೆ ಬರೋಣ. ಆಕಳಿಕೆ ಹುಟ್ಟುವುದು ಹೈಪೋಥಲಾಮಸ್ ಮತ್ತು ಮೆದುಳ ಕಾಂಡದ ಕಡೆಯಿಂದ. ಅಲ್ಲಿಂದ ಬೆನ್ನುಹುರಿಗೆ ಇಳಿಯುವ ಹಳೆಯ ದಾರಿಗಳಿವೆ, ಅವು ಮೇಲ್ಪದರದ ದಾರಿಯನ್ನು ಹಾಯುವುದಿಲ್ಲ. ದೊಡ್ಡ ಆಕಳಿಕೆಯಲ್ಲಿ ಕತ್ತು, ಎದೆ, ಭುಜಗಳ ಸ್ನಾಯುಗಳೂ ಸೇರಿಕೊಳ್ಳುತ್ತವೆ. ಮಾಮೂಲಿಗೆ ಕೈ ಏಳದಂತೆ ಮೇಲಿನ ಮೆದುಳು ತಡೆದಿರುತ್ತದೆ. ಆ ತಡೆ ಹೋದಾಗ ಕೈ ಏಳುತ್ತದೆ ಅಂತ ವೈದ್ಯರು ಇದನ್ನು ಅರ್ಥ ಮಾಡಿಕೊಂಡಿದ್ದಾರೆ. ಅಂದರೆ ಅವತ್ತು ದೊಡ್ಡಮ್ಮ ನೋಡಿದ್ದು ಕಾಂಡ ಎತ್ತಿದ ಕೈಯನ್ನು.

ನಗುವೂ ಹೀಗೇ. "ಹಲ್ಲು ತೋರಿಸಿ" ಅಂದಾಗ ಅವರ ಬಾಯಿ ಎಡಕ್ಕೆ ಮಾತ್ರ ಎಳೆದುಕೊಳ್ಳುತ್ತಿತ್ತು. ಮೊಮ್ಮಗಳು ಹಾಸಿಗೆ ಹತ್ತಿ ಅವರ ಕನ್ನಡಕ ಹಾಕಿಕೊಂಡು ಕೂತಾಗ ಅವರು ನಕ್ಕರು, ಆಗ ಬಾಯಿಯ ಎರಡೂ ಅಂಚು ಮೇಲೆದ್ದವು. ಹೇಳಿ ನಗಿಸುವ ದಾರಿ ಒಂದು, ನಗು ತಾನೇ ಬರುವ ದಾರಿ ಇನ್ನೊಂದು.

## ತಿದ್ದುವ ಕೆಲಸ ಕಿರುಮೆದುಳಿನದು

ಈ ಸಾಲನ್ನು ಓದುತ್ತಾ ತಲೆಯನ್ನು ಎಡಕ್ಕೂ ಬಲಕ್ಕೂ ಬೇಗ ಬೇಗ ಅಲ್ಲಾಡಿಸಿ. ಓದಲು ಆಗುತ್ತದೆ. ಈಗ ತಲೆ ನೆಟ್ಟಗಿಟ್ಟು ಫೋನನ್ನು ಅಷ್ಟೇ ವೇಗದಲ್ಲಿ ಅಲ್ಲಾಡಿಸಿ. ಅಕ್ಷರ ಕಲಸಿಹೋಗುತ್ತದೆ. ತಲೆ ತಿರುಗಿದರೆ ಒಳಕಿವಿಗೆ ಗೊತ್ತಾಗಿ, ಒಂದು ಸೆಕೆಂಡಿನ ನೂರರಲ್ಲೊಂದು ಪಾಲಿನೊಳಗೇ ಕಣ್ಣುಗುಡ್ಡೆ ಎದುರು ದಿಕ್ಕಿಗೆ ಅಷ್ಟೇ ತಿರುಗುತ್ತದೆ. ಫೋನು ಅಲ್ಲಾಡಿದರೆ ಕಣ್ಣು ನೋಡಿ ಹಿಂಬಾಲಿಸಬೇಕು, ಅದು ನಿಧಾನ.

ಇಂಥ ಲೆಕ್ಕಗಳನ್ನು ಕರಾರುವಾಕ್ಕಾಗಿ ಇಡುವುದು ತಲೆಯ ಹಿಂಬದಿಯ ಕಿರುಮೆದುಳು. ಮೆದುಳಿನ ಒಟ್ಟು ಕೋಶಗಳಲ್ಲಿ ಸುಮಾರು 6,900 ಕೋಟಿ ಅಲ್ಲೇ ಇವೆ. ಕೈ ಎಲ್ಲಿಗೆ ಹೋಗಬೇಕಿತ್ತು, ಎಲ್ಲಿಗೆ ಹೋಯಿತು ಅಂತ ಹೋಲಿಸಿ ತಿದ್ದುವುದು ಅದರ ಕೆಲಸ. ನಮ್ಮ ಚಲನೆಯಿಂದ ಏನು ಅನ್ನಿಸಬೇಕು ಅಂತ ಅದು ಮೊದಲೇ ಊಹಿಸಿಡುತ್ತದೆ. ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರದಿರುವುದು ಅದಕ್ಕೇ.

## ಹಾಗಾದರೆ ನಡವಳಿಕೆ?

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ದೊಡ್ಡಪ್ಪ ಸಣ್ಣ ಸಣ್ಣದಕ್ಕೂ ಅಳತೊಡಗಿದರು. ಯಾರೋ ನೋಡಲು ಬಂದರೆ ಅಳು, ಟಿವಿಯಲ್ಲಿ ಮಗು ಕಂಡರೆ ಅಳು. ಜೀವನದಲ್ಲಿ ಅವರು ಅತ್ತಿದ್ದನ್ನು ನಾವ್ಯಾರೂ ನೋಡಿರಲಿಲ್ಲ. "ಮನಸ್ಸು ಕುಗ್ಗಿಹೋಗಿದೆ" ಅಂದರು ಎಲ್ಲರೂ. ಅವರನ್ನೇ ಕೇಳಿದೆ. "ಬೇಜಾರೇನಿಲ್ಲ ಮಗ, ಅಳು ತಾನೇ ಬರುತ್ತೆ, ತಡೆಯೋಕಾಗಲ್ಲ" ಅಂದರು. ಲಕ್ವದ ನಂತರ ಹಲವರಿಗೆ ಹೀಗಾಗುತ್ತದೆ. ಅಳು ನಗುಗಳ ಯಂತ್ರ ಕೆಳಗಿನ ಮೆದುಳಿನಲ್ಲಿದೆ, ಬ್ರೇಕು ಮೇಲಿನಿಂದ ಬರುತ್ತದೆ. ಮಂಡಿ ಜಾಡಿಸಿದ್ದಕ್ಕೂ ಕಣ್ಣೀರಿಗೂ ಕಾರಣ ಒಂದೇ ಜಾತಿಯದು. ಇದಕ್ಕೆ ಔಷಧಿ ಇದೆ. ನಿಜವಾದ ಖಿನ್ನತೆಯೂ ಲಕ್ವದ ನಂತರ ಬಹಳ ಜನಕ್ಕೆ ಬರುತ್ತದೆ, ಅದು ಬೇರೆ, ಅದಕ್ಕೂ ಚಿಕಿತ್ಸೆ ಇದೆ. ಎರಡನ್ನೂ "ಧೈರ್ಯ ತಗೊಳ್ಳಿ" ಅಂತ ಹೇಳಿ ಬಿಟ್ಟುಬಿಡಬಾರದು, ಡಾಕ್ಟರಿಗೆ ಹೇಳಬೇಕು.

ಹಣೆಯ ಹಿಂದಿನ ಮೆದುಳು ಇಂಥ ಬ್ರೇಕುಗಳ ದೊಡ್ಡ ಮನೆ. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ದಾರಿಗೆ ಬಂಡೆ ಸಿಡಿಸುವಾಗ ಫಿನಿಯಸ್ ಗೇಜ್ ಅನ್ನುವ ಮೇಸ್ತ್ರಿಯ ಕೆನ್ನೆಯಿಂದ ನೆತ್ತಿಗೆ ಒಂದು ಮೀಟರಿಗಿಂತ ಉದ್ದದ ಕಬ್ಬಿಣದ ಸಲಾಕೆ ತೂರಿಹೋಯಿತು. ಆತ ಬದುಕಿದ, ನಡೆದ, ಮಾತಾಡಿದ. ಆದರೆ ತಾಳ್ಮೆಯ ಕೆಲಸಗಾರ ಆಗಿದ್ದವನು ಸಿಡುಕ, ಬಾಯಿಬಡುಕ ಆದ, "ಇವನು ನಮ್ಮ ಗೇಜ್ ಅಲ್ಲ" ಅಂತ ಗೆಳೆಯರು ಅಂದರು ಅಂತ ಅವನ ವೈದ್ಯ ಬರೆದಿಟ್ಟಿದ್ದಾನೆ. ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುವವರು ಜಾಸ್ತಿ. ಆಮೇಲೆ ಅದೇ ಗೇಜ್ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿದ. ಅದು ತಾಳ್ಮೆ, ಲೆಕ್ಕಾಚಾರ ಬೇಕಾದ ಕೆಲಸ. ಬದಲಾದ ನಡವಳಿಕೆ ಸ್ವಲ್ಪ ಮಟ್ಟಿಗಾದರೂ ಸುಧಾರಿಸಿತ್ತು ಅಂತ ಇದರಿಂದ ಅನ್ನಿಸುತ್ತದೆ.

ಬ್ರೇಕಿನ ಜೊತೆ ತಳ್ಳುವ ಕೆಲಸವೂ ಇದೆ. ಡೋಪಮಿನ್ ಅನ್ನುವ ರಾಸಾಯನಿಕ "ಇದು ಚೆನ್ನಾಗಿತ್ತು, ಮತ್ತೆ ಮಾಡು" ಅನ್ನುವುದನ್ನು ಕಲಿಸುತ್ತದೆ. ಚಲನೆ ಶುರುಮಾಡಲೂ ಅದು ಬೇಕು. ಅದನ್ನು ತಯಾರಿಸುವ ಒಂದು ಗುಂಪು ಕೋಶಗಳು ಸಾಯುತ್ತಾ ಹೋದರೆ ಬರುವುದೇ ಪಾರ್ಕಿನ್ಸನ್ ಕಾಯಿಲೆ. ಕೈ ನಡುಗುತ್ತದೆ, ಹೆಜ್ಜೆ ಏಳುವುದಿಲ್ಲ.

## ಹೊಸ ದಾರಿ ಮಾಡಿಕೊಳ್ಳುವುದು

ಸತ್ತ ನರಕೋಶ ಮತ್ತೆ ಹುಟ್ಟಿ ಬರುವುದಿಲ್ಲ. ಹಾಗಾದರೆ ಲಕ್ವ ಹೊಡೆದವರು ಸುಧಾರಿಸುವುದು ಹೇಗೆ? ಮೊದಲ ದಿನಗಳಲ್ಲಿ ಕಲೆಯ ಅಂಚಿನಲ್ಲಿ ಸಾಯದೆ ಮಂಕಾಗಿದ್ದ ಕೋಶಗಳು ಚೇತರಿಸಿಕೊಳ್ಳುತ್ತವೆ. ಆಮೇಲೆ ಉಳಿದ ಕೋಶಗಳು ಹೊಸ ಸಂದುಗಳನ್ನು ಮಾಡಿಕೊಳ್ಳುತ್ತವೆ, ಇದ್ದ ಸಂದುಗಳನ್ನು ಗಟ್ಟಿ ಮಾಡಿಕೊಳ್ಳುತ್ತವೆ. ಅದಕ್ಕೆ ಬೇಕಾಗಿರುವುದು ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದು.

ಕೈಗೆ ಕಲಿಸುವ ಈ ಕೆಲಸಕ್ಕೆ ನೆನಪಿನ ಹಂಗೂ ಇಲ್ಲ. 1953ರಲ್ಲಿ ಮೂರ್ಛೆರೋಗಕ್ಕಾಗಿ ಆಪರೇಷನ್ ಮಾಡಿಸಿಕೊಂಡ ಅಮೆರಿಕದ ಹೆನ್ರಿ ಮೊಲೈಸನ್‌ಗೆ ಹೊಸ ನೆನಪು ಕೂಡಿಡುವ ಶಕ್ತಿಯೇ ಹೋಯಿತು. ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಚಿತ್ರ ತಿದ್ದುವ ಅಭ್ಯಾಸವನ್ನು ಬ್ರೆಂಡಾ ಮಿಲ್ನರ್ ಅನ್ನುವ ಸಂಶೋಧಕಿ ಆತನಿಂದ ಮೂರು ದಿನ ಮಾಡಿಸಿದರು. ಹಿಂದೆ ಮಾಡಿದ್ದು ಆತನಿಗೆ ನೆನಪೇ ಇರುತ್ತಿರಲಿಲ್ಲ. ಆದರೆ ಕೈ ದಿನದಿಂದ ದಿನಕ್ಕೆ ಪಳಗುತ್ತಾ ಹೋಯಿತು.

ಇದೆಲ್ಲದಕ್ಕಿಂತ ಮುಂಚೆ ತಿಳಿದಿರಬೇಕಾದ ಮಾತು ಒಂದಿದೆ. ಬಾಯಿ ಒಂದು ಕಡೆ ಸೊಟ್ಟ ಆದರೆ, ಎರಡೂ ಕೈ ಎತ್ತಿಸಿದಾಗ ಒಂದು ಜಾರಿದರೆ, ಮಾತು ತೊದಲಿದರೆ, ಇದ್ದಕ್ಕಿದ್ದಂತೆ ಕಣ್ಣು ಮಂಜಾದರೆ ಅಥವಾ ನಿಂತಲ್ಲೇ ಸಮತೋಲ ತಪ್ಪಿದರೆ, ಮಲಗಿ ಎದ್ದರೆ ಸರಿಹೋಗುತ್ತದೆ ಅಂತ ಕಾಯಬೇಡಿ. ತಕ್ಷಣ ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ಒಂದೊಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಅನ್ನುವ ಅಂದಾಜಿದೆ. ಕಟ್ಟಿಕೊಂಡ ರಕ್ತ ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಕ್ತನಾಳ ಒಡೆದೂ ಲಕ್ವ ಬರುತ್ತದೆ, ಆಗ ಅದೇ ಇಂಜೆಕ್ಷನ್ ಅಪಾಯ. ಸ್ಕ್ಯಾನ್ ಮಾಡಿದರೆ ಮಾತ್ರ ಯಾವುದು ಅಂತ ಗೊತ್ತಾಗುತ್ತದೆ. ದೊಡ್ಡಪ್ಪನನ್ನು ನಾವು ಬೆಳಗಾಗಲಿ ಅಂತ ಕಾದು ಕರೆದುಕೊಂಡು ಹೋದೆವು. ಆ ರಾತ್ರಿಯನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಫಿಸಿಯೋಥೆರಪಿಗೆ ಬರುತ್ತಿದ್ದ ಹುಡುಗಿ ಅವರ ಮುಂದೆ ದಿನಾ ಒಂದು ಸ್ಪಂಜು ಇಡುತ್ತಿದ್ದಳು. "ಹಿಡ್ಕೊಳಿ, ಬಿಡಿ. ಹಿಡ್ಕೊಳಿ, ಬಿಡಿ." ಬೆಳಿಗ್ಗೆ ನೂರು ಸಲ, ಸಂಜೆ ನೂರು ಸಲ. ಮೊದಲ ತಿಂಗಳು ಬರೀ ಎಡಗೈಯಿಂದ ಬಲಗೈಯನ್ನು ಮಡಚಿ ಬಿಡಿಸಿದ್ದೇ ಆಯಿತು. ಎರಡನೇ ತಿಂಗಳಲ್ಲಿ ಭುಜ ಬಂತು, ಆಮೇಲೆ ಮೊಣಕೈ. ನಾಲ್ಕನೇ ತಿಂಗಳ ಒಂದು ಬೆಳಿಗ್ಗೆ ದೊಡ್ಡಮ್ಮ ನನ್ನನ್ನು ಕರೆದರು, ಈ ಸಲ ಕೂಗಲಿಲ್ಲ, ಕೈಸನ್ನೆ ಮಾಡಿದರು. ದೊಡ್ಡಪ್ಪ ಅಂಗಿಯ ಕೆಳಗಿನ ಗುಂಡಿಯನ್ನು ಬಲಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಕೂತಿದ್ದರು. ತೂತಿಗೆ ಹಾಕಲು ಆಗಲಿಲ್ಲ, ಗುಂಡಿ ಎರಡು ಸಲ ಜಾರಿತು. ಮೂರನೇ ಸಲ ಮತ್ತೆ ಹಿಡಿದುಕೊಂಡರು.